ವೈನ್ ಬಾಟಲಿ ಎಷ್ಟು ದೊಡ್ಡದಿರಬೇಕು ಅಂತ ಹೇಳೋಕೆ ಸರ್ಕಾರ ಯಾಕೆ ಬರುತ್ತೆ?

ಪ್ರಶ್ನೆ: ಸರ್, ಚಿಕ್ಕಮಗಳೂರಿನಿಂದ ಮೂಡಿಗೆರೆಗೆ ಹೋಗೋ ದಾರಿಯಲ್ಲಿ ನಮ್ಮದೊಂದು ನಾಲ್ಕು ರೂಮಿನ ಹೋಂಸ್ಟೇ ಇದೆ. ಅಕ್ಕನ ಮಗ ಅಮೆರಿಕದ ಫ್ಲೋರಿಡಾದಲ್ಲಿದ್ದಾನೆ. ಅಲ್ಲಿ ಅಂಗಡಿಯವರು ಒಂದು ಗ್ಯಾಲನ್‌ಗಿಂತ ದೊಡ್ಡ ವೈನ್ ಬಾಟಲಿ ಇಟ್ಟುಕೊಳ್ಳುವ ಹಾಗೇ ಇರಲಿಲ್ಲವಂತೆ, ಈಗ ಸ್ವಲ್ಪ ಸಡಿಲ ಮಾಡಿದ್ದಾರಂತೆ. ಅಷ್ಟು ಮುಂದುವರಿದ ದೇಶದಲ್ಲಿ ಇದೆಂಥ ಕಾನೂನು ಅಂತ ನಗು ಬಂತು. ಆಮೇಲೆ ನೋಡಿದರೆ ನಮ್ಮೂರಿನ ಅಂಗಡಿಗಳಲ್ಲೂ 750 ಎಂಎಲ್‌ಗಿಂತ ದೊಡ್ಡ ವೈನ್ ಬಾಟಲಿ ನಾನು ಕಂಡೇ ಇಲ್ಲ. ಬಾಟಲಿ ಗಾತ್ರದ ಉಸಾಬರಿ ಸರ್ಕಾರಕ್ಕೆ ಯಾಕೆ? 5 ಲೀಟರ್ ಕ್ಯಾನಿನಲ್ಲಿ ವೈನ್ ತಂದಿಟ್ಟುಕೊಂಡು ಅತಿಥಿಗಳಿಗೆ ಗ್ಲಾಸ್ ಲೆಕ್ಕದಲ್ಲಿ ಕೊಟ್ಟರೆ ಅವರಿಗೂ ಅಗ್ಗ, ನನಗೂ ಖಾಲಿ ಬಾಟಲಿ ಸಾಗಿಸುವ ತಾಪತ್ರಯ ಇಲ್ಲ. ಮಾಡಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಮಾಡಬೇಡಿ. ಕ್ಯಾನಿನಲ್ಲೂ ಬೇಡ, ಕೊಡದಲ್ಲೂ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ. ನಿಮ್ಮ ಮೊದಲ ಪ್ರಶ್ನೆಗೂ ಇದಕ್ಕೂ ಬೇರು ಒಂದೇ.

ಫ್ಲೋರಿಡಾದ ವಿಷಯ ನಿಮ್ಮ ಅಕ್ಕನ ಮಗ ಹೇಳಿದ್ದು ನಿಜ. ಅಲ್ಲಿನ ಕಾಯ್ದೆಯ 564.05ನೇ ಕಲಮಿನಲ್ಲಿ ಇದು ಇತ್ತು. ಒಂದು ಗ್ಯಾಲನ್‌ಗಿಂತ ಜಾಸ್ತಿ ಹಿಡಿಯುವ ಪಾತ್ರೆಯಲ್ಲಿ ವೈನ್ ಮಾರುವಂತಿಲ್ಲ. ಅವರ ಗ್ಯಾಲನ್ ಅಂದರೆ 3.785 ಲೀಟರ್. ಹೊರತು ಒಂದೇ ಒಂದು: 5.16 ಗ್ಯಾಲನ್ ಹಿಡಿಯುವ, ಅಂದರೆ ಸುಮಾರು 19.5 ಲೀಟರಿನ, ತೊಳೆದು ಮತ್ತೆ ತುಂಬಿಸುವ ಪೀಪಾಯಿ. ಮೀರಿದರೆ 60 ದಿನದವರೆಗೆ ಜೈಲು ಅಥವಾ 500 ಡಾಲರ್‌ವರೆಗೆ ದಂಡ. ನಗು ಬರುವಂಥದ್ದೇ.

ಆದರೆ ಆ ಕಲಮಿನಲ್ಲಿ ಎಲ್ಲರೂ ಓದದೆ ಬಿಡುವ ಒಂದು ಸಾಲಿದೆ. ವೈನ್ ತಯಾರಿಸುವವರು, ವಿತರಕರು ತಮ್ಮ ತಮ್ಮೊಳಗೆ ಎಷ್ಟು ದೊಡ್ಡ ಪಾತ್ರೆಯಲ್ಲಿ ಬೇಕಾದರೂ ಕೊಟ್ಟು ತಗೊಳ್ಳಬಹುದು. ಅವರಿಗೆ ಗಾತ್ರದ ಮಿತಿಯೇ ಇಲ್ಲ. ಮಿತಿ ಬೀಳುವುದು ಚಿಲ್ಲರೆ ಅಂಗಡಿಯ ಬಾಗಿಲಲ್ಲಿ. ಅಂದರೆ ಸರ್ಕಾರಕ್ಕೆ ದೊಡ್ಡ ಪಾತ್ರೆ ಕಂಡರೆ ಭಯ ಇಲ್ಲ. ದೊಡ್ಡ ಪಾತ್ರೆ ಅಂಗಡಿಯವನ ಕೈಗೆ ಹೋದರೆ ಭಯ. ಈ ಎರಡರ ನಡುವಿನ ವ್ಯತ್ಯಾಸ ಗೊತ್ತಾಗಿಬಿಟ್ಟರೆ ನಮ್ಮ ಅಬಕಾರಿ ಕಾನೂನೂ ಅರ್ಧ ಗೊತ್ತಾದ ಹಾಗೆ.

2024ರ ಜುಲೈ 1ರಿಂದ ಅಲ್ಲಿ 4.5, 6, 9, 12 ಮತ್ತು 15 ಲೀಟರಿನ ಬಾಟಲಿಗಳಿಗೆ ಅವಕಾಶ ಕೊಟ್ಟರು. ಗಾಜಿನದ್ದಕ್ಕೆ ಮಾತ್ರ. ರಟ್ಟಿನ ಡಬ್ಬಿಯೊಳಗೆ ಪ್ಲಾಸ್ಟಿಕ್ ಚೀಲ ಇಟ್ಟು ತುಂಬುವ 5 ಲೀಟರ್ ವೈನ್ ಆ ಪಟ್ಟಿಗೆ ಸೇರಲಿಲ್ಲ. ಅಂದರೆ ಸಡಿಲವಾದದ್ದು ಮದುವೆ, ಪಾರ್ಟಿಗೆ ತಗೊಳ್ಳುವ ದುಬಾರಿ ಬಾಟಲಿಗಳಿಗೆ. ಅವುಗಳಲ್ಲಿ ಕೆಲವಕ್ಕೆ ಬೈಬಲ್ ಕಾಲದ ರಾಜರ ಹೆಸರಿಟ್ಟಿದ್ದಾರೆ. 12 ಲೀಟರಿನದು ಬಾಲ್ತಜಾರ್, 15 ಲೀಟರಿನದು ನೆಬುಕಡ್ನೆಜರ್. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಬಾಯಾರಿಕೆ ಆಗುತ್ತದೆ. ಬಡವರ ಡಬ್ಬಿ ವೈನ್ ಮಾತ್ರ ಇದ್ದಲ್ಲೇ ಇದೆ.

ಈಗ ನಮ್ಮ ಕಡೆಗೆ ಬರೋಣ. ಹಾಸನದಲ್ಲಿ ಹಲವು ವರ್ಷ ಸನ್ನದುದಾರರ, ಅಂದರೆ ಮದ್ಯ ಮಾರುವ ಲೈಸೆನ್ಸ್ ಇರುವವರ, ಲೆಕ್ಕಪತ್ರ ಬರೆದವನು ನಾನು. ಬಾರ್‌ನ ದಾಸ್ತಾನು ರಿಜಿಸ್ಟರ್ ನೋಡಿದ್ದೀರಾ? ಒಂದು ಬ್ರ್ಯಾಂಡಿಗೆ ಒಂದು ಗಾತ್ರಕ್ಕೆ ಒಂದು ಸಾಲು. ಬೆಳಿಗ್ಗೆ ಇದ್ದದ್ದು, ಬಂದದ್ದು, ಹೋದದ್ದು, ಉಳಿದದ್ದು. ಸೀಲ್ ಇರುವ ಬಾಟಲಿಯನ್ನು ಎಣಿಸಬಹುದು. ಸೀಲ್ ಒಡೆದ ಬಾಟಲಿಯದ್ದನ್ನು ಪೆಗ್ ಅಳತೆ ಲೋಟದಲ್ಲಿ ಸುರಿದು ನೋಡಬೇಕು. 750ರ ಬಾಟಲಿಯಲ್ಲಿ 30 ಎಂಎಲ್ ಲೆಕ್ಕದಲ್ಲಿ 25 ಪೆಗ್. ವಿಸ್ಕಿಯಾದರೆ ಲೆಕ್ಕ ಸಲೀಸು, ಇವತ್ತು ಉಳಿದದ್ದು ನಾಳೆಗೂ ಆಯಿತು.

ಒಂದು ಸಲ ಒಂದು ಬಾರ್‌ನಲ್ಲಿ ಯಾರೋ ಪ್ರವಾಸಿಗರು ಬಂದು ಒಂದು ಗ್ಲಾಸ್ ರೆಡ್ ವೈನ್ ಕೇಳಿದರು. ಹುಡುಗ ಬಾಟಲಿ ಒಡೆದು ಕೊಟ್ಟ. ಆಮೇಲೆ ನಾಲ್ಕು ದಿನ ಯಾರೂ ಕೇಳಲಿಲ್ಲ. ಐದನೇ ದಿನ ತಪಾಸಣೆ. ರಿಜಿಸ್ಟರ್ ಪ್ರಕಾರ 600 ಎಂಎಲ್ ಇರಬೇಕು. ಕಪಾಟಿನಲ್ಲಿ ಏನೂ ಇಲ್ಲ. ಎಲ್ಲಿ ಹೋಯಿತಪ್ಪಾ ಅಂದರೆ ಆ ಹುಡುಗ, "ಹುಳಿ ಬಂದಿತ್ತು ಸಾರ್, ಅಡುಗೆ ಭಟ್ರು ಚಿಕನ್‌ಗೆ ಹಾಕಿದ್ರು" ಅಂದ. ನಿಜ ಹೇಳಿದ, ಪಾಪ. ಆದರೆ ರಿಜಿಸ್ಟರ್‌ನಲ್ಲಿ 'ಚಿಕನ್' ಅನ್ನೋ ಕಾಲಂ ಇಲ್ಲವಲ್ಲ! ಆ 600 ಎಂಎಲ್‌ಗೆ ವಿವರಣೆ ಬರೆದುಕೊಡುವುದರಲ್ಲಿ ನನಗೆ ಅರ್ಧ ದಿನ ಹೋಯಿತು.

ಅದು 750ರ ಬಾಟಲಿ. ಅದರ ಜಾಗದಲ್ಲಿ 20 ಲೀಟರಿನ ಪೀಪಾಯಿ ಇಟ್ಟು ನೋಡಿ. ಒಳಗೆ ಎಷ್ಟಿದೆ ಅಂತ ಹೊರಗಿನಿಂದ ಕಾಣುವುದಿಲ್ಲ. ಅರ್ಧ ಖಾಲಿಯಾದ ಮೇಲೆ ಹಿಂಬಾಗಿಲಿಂದ ತೆರಿಗೆ ಕಟ್ಟದ ಸರಕು ತಂದು ಸುರಿದರೂ, ನೀರು ಬೆರೆಸಿದರೂ ಯಾರಿಗೂ ಗೊತ್ತಾಗುವುದಿಲ್ಲ. ಬಾಟಲಿಯ ಸೀಲ್ ಒಂದೇ ಸಲ ಒಡೆಯುತ್ತದೆ. ಪೀಪಾಯಿಯ ಬಾಯಿ ದಿನಾ ತೆರೆಯುತ್ತದೆ. ಅಂಗಡಿಯವನ ಕೈಗೆ ದೊಡ್ಡ ಪಾತ್ರೆ ಬೇಡ ಅನ್ನುವುದಕ್ಕೆ ಇದೇ ಕಾರಣ. ಅಮೆರಿಕದಲ್ಲಿ ಪಾನನಿಷೇಧ 1933ರಲ್ಲಿ ತೆಗೆದಾಗ ಅವರಿಗೂ ಇದೇ ಭಯ ಇತ್ತು. 1935ರ ಕೇಂದ್ರ ಕಾಯ್ದೆಯಲ್ಲಿ ವಿಸ್ಕಿ, ರಮ್ಮಿನಂಥ ಭಟ್ಟಿ ಇಳಿಸಿದ ಮದ್ಯವನ್ನು ಚಿಲ್ಲರೆಯವರಿಗೆ ಸಗಟು ಪಾತ್ರೆಯಲ್ಲಿ ಕೊಡುವುದಕ್ಕೆ ತಡೆ ಹಾಕಿದರು. ಫ್ಲೋರಿಡಾದಂಥ ರಾಜ್ಯ ತನ್ನದೇ ಕಾನೂನು ಮಾಡಿ ವೈನನ್ನೂ ಅದೇ ಹಗ್ಗಕ್ಕೆ ಕಟ್ಟಿತು.

ನಮ್ಮಲ್ಲಿ ಈ ಭಯಕ್ಕೆ ಇನ್ನೂ ಗಟ್ಟಿ ಕಾರಣ ಇದೆ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಇಂಥ ಮದ್ಯದಲ್ಲಿ ಸೇರುವ ವಿಷ ಮಿಥೈಲ್ ಆಲ್ಕೋಹಾಲ್. ಅದು ನೋಡೋಕೆ ನೀರಿನ ಹಾಗೆ, ಬೆರೆಸಿದರೆ ಬಣ್ಣದಲ್ಲಿ ಗೊತ್ತಾಗುವುದಿಲ್ಲ. ಬಿಡಿಯಾಗಿ ಅಳೆದು ಕೊಡುವ ಕಡೆ ಯಾವ ಕೈ ಏನು ಬೆರೆಸಿತು ಅಂತ ಹಿಂದಕ್ಕೆ ಹೋಗಿ ಹಿಡಿಯುವುದು ಕಷ್ಟ. ಸಾರಾಯಿ ಪ್ಯಾಕೆಟ್ ಕಾಲ ನಿಮಗೆ ನೆನಪಿರಬೇಕು. ಪ್ಯಾಕೆಟ್ಟಿಗೂ ಅದರದೇ ಕೆಡುಕುಗಳಿದ್ದವು, ಕೂಲಿ ದುಡ್ಡೆಲ್ಲ ಅಲ್ಲೇ ಹೋಗುತ್ತಿತ್ತು. 2007ರ ಜುಲೈ 1ಕ್ಕೆ ಸಾರಾಯಿಯೇ ನಿಂತಿತು. ಆದರೆ ಸೀಲ್ ಮಾಡಿದ, ಅಳತೆ ಗೊತ್ತಿರುವ ಪಾತ್ರೆಯೇ ಅಂಗಡಿಗೆ ಬರಬೇಕು ಅನ್ನುವುದು ಉಳಿದುಕೊಂಡಿತು.

ಇನ್ನು ತೆರಿಗೆ. ಕುಡಿಯುವ ಮದ್ಯ ಜಿಎಸ್‌ಟಿಗೆ ಸೇರಿಲ್ಲ. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 8ನೇ ನಮೂದು ಮಾದಕ ಪಾನೀಯಗಳದ್ದು, 51ನೇ ನಮೂದು ಅದರ ಮೇಲಿನ ಸುಂಕದ್ದು. ಎರಡೂ ರಾಜ್ಯದ ಕೈಯಲ್ಲೇ. ನಮ್ಮ ಕಾಯ್ದೆ 1965ರ ಕರ್ನಾಟಕ ಅಬಕಾರಿ ಕಾಯ್ದೆ. ಬಾಟಲಿಗೆ ತುಂಬುವುದಕ್ಕೇ ಪ್ರತ್ಯೇಕ ನಿಯಮಗಳಿವೆ. 2003ರಿಂದ ಸರಕೆಲ್ಲ ರಾಜ್ಯ ಪಾನೀಯ ನಿಗಮದ ಡಿಪೋ ಮೂಲಕ ಅಂಗಡಿಗೆ ಬರುತ್ತದೆ. ಅಲ್ಲಿ ಒಂದು ಬ್ರ್ಯಾಂಡಿನ 750ಕ್ಕೆ ಒಂದು ದರ, 375ಕ್ಕೆ ಇನ್ನೊಂದು, 180ಕ್ಕೆ ಮತ್ತೊಂದು. ಲೇಬಲ್ಲಿಗೆ ಅಬಕಾರಿ ಇಲಾಖೆಯ ಒಪ್ಪಿಗೆ ಬೇಕು. ಹಾಗಾಗಿ ಹೊಸ ಗಾತ್ರ ಅಂದರೆ ಬರೀ ಹೊಸ ಬಾಟಲಿ ಅಲ್ಲ. ಹೊಸ ಲೇಬಲ್, ಹೊಸ ಎಂಆರ್‌ಪಿ, ಇಂಡೆಂಟಿನಲ್ಲಿ, ಅಂದರೆ ಡಿಪೋಗೆ ಕೊಡುವ ಬೇಡಿಕೆ ಪಟ್ಟಿಯಲ್ಲಿ, ಹೊಸ ಸಾಲು. ತಿಂಗಳಿಗೆ ನಾಲ್ಕು ಹೋಗುವ ದೊಡ್ಡ ಬಾಟಲಿಗೆ ಯಾವ ಕಂಪನಿ ಅಷ್ಟೆಲ್ಲ ತಲೆ ಕೆಡಿಸಿಕೊಳ್ಳುತ್ತದೆ? ನಿಮ್ಮೂರಲ್ಲಿ ಕಾಣದೇ ಇರುವುದಕ್ಕೆ ಅರ್ಧ ಕಾರಣ ಕಾನೂನಾದರೆ ಅರ್ಧ ಇದು.

ಬಾಕ್ಸಿನ ಲೆಕ್ಕವೂ ಮಜವಾಗಿದೆ. ಫುಲ್ (750) ಆದರೆ ಬಾಕ್ಸಿಗೆ 12, ಹಾಫ್ (375) ಆದರೆ 24. ಎರಡೂ 9 ಲೀಟರ್. ಕ್ವಾರ್ಟರ್ (180) ಆದರೆ 48, ನೈಂಟಿ (90) ಆದರೆ 96. ಎರಡೂ 8.64 ಲೀಟರ್. ಯಾಕೆ ಕಡಿಮೆ ಆಯಿತು? 750ರ ನಿಜವಾದ ಕಾಲು ಭಾಗ 187.5. ನಮ್ಮ ಕ್ವಾರ್ಟರ್ ಮಾತ್ರ 180, ಅಂದರೆ ಸರಿಯಾಗಿ 60 ಎಂಎಲ್‌ನ ಮೂರು ದೊಡ್ಡ ಪೆಗ್. ನಾಲ್ಕು ಕ್ವಾರ್ಟರ್ ತಗೊಂಡರೆ ಒಂದು ಫುಲ್ ಆಯಿತು ಅಂದುಕೊಳ್ಳುತ್ತಾರೆ ಜನ. ಆಗುವುದು 720. ಒಂದು ಸಣ್ಣ ಪೆಗ್ ಎಲ್ಲೋ ಹೋಯಿತು! ಪಾಶ್ಚಾತ್ಯರ ವೈನಿನಲ್ಲಿ ಈ ಕಾಲು ಬಾಟಲಿಯನ್ನು 187 ಅಂತಲೇ ಇಟ್ಟಿದ್ದಾರೆ. ವಿಮಾನದಲ್ಲಿ ಕೊಡುವ ಪುಟ್ಟ ಬಾಟಲಿ ಅದೇ.

ಈ 750 ಎಲ್ಲಿಂದ ಬಂತು ಅಂತ ಕೇಳುವವರಿದ್ದಾರೆ. ಗಾಜು ಊದುವವನು ಒಂದೇ ಉಸಿರಿಗೆ ಊದಬಹುದಾದಷ್ಟು ಅನ್ನುವ ಕಥೆ ಚಾಲ್ತಿಯಲ್ಲಿದೆ. ಕೇಳೋಕೆ ಚೆನ್ನಾಗಿದೆ. ನನಗೆ ಲೆಕ್ಕದ ಕಥೆಯೇ ಹೆಚ್ಚು ನಂಬಿಕೆ. ಫ್ರಾನ್ಸಿನ ಬೋರ್ಡೊ ಕಡೆಯ ಪೀಪಾಯಿ 225 ಲೀಟರ್, ಸರಿಯಾಗಿ 300 ಬಾಟಲಿ. ಇಂಗ್ಲಿಷರ ಗ್ಯಾಲನ್ 4.546 ಲೀಟರ್, ಹತ್ತಿರ ಹತ್ತಿರ ಆರು ಬಾಟಲಿ. ಕೊಳ್ಳುವವನು ಇಂಗ್ಲಿಷಿನವನು, ಮಾರುವವನು ಫ್ರಾನ್ಸಿನವನು, ಇಬ್ಬರ ಲೆಕ್ಕಕ್ಕೂ ಹೊಂದಿತು. ಅಮೆರಿಕದವರು ಗ್ಯಾಲನ್ನಿನ ಐದನೇ ಒಂದು ಭಾಗ, 757 ಎಂಎಲ್, ಅಂತ ಇಟ್ಟುಕೊಂಡಿದ್ದರು. 1979ರಿಂದ ವೈನಿಗೆ ಮೆಟ್ರಿಕ್ ಅಳತೆ ಕಡ್ಡಾಯ ಮಾಡಿ 750ಕ್ಕೆ ಬಂದರು.

ಯೂರೋಪಿನಲ್ಲಿ ಗಾತ್ರದ ಕಾನೂನಿಗೆ ಕಾರಣವೇ ಬೇರೆ. ಅಲ್ಲಿ ನೊರೆ ಬರದ ಸಾಧಾರಣ ವೈನು 100 ಎಂಎಲ್‌ನಿಂದ 1.5 ಲೀಟರ್‌ವರೆಗೆ ಎಂಟೇ ಗಾತ್ರದಲ್ಲಿ ಬರಬಹುದು: 100, 187, 250, 375, 500, 750, 1000, 1500. ಉಳಿದ ಸಾಮಾನುಗಳಿಗೆ ಗಾತ್ರದ ಕಟ್ಟು ಸಡಿಲ ಮಾಡಿದಾಗಲೂ ವೈನು ಮತ್ತು ಭಟ್ಟಿ ಇಳಿಸಿದ ಮದ್ಯಕ್ಕೆ ಉಳಿಸಿಕೊಂಡರು. ಪಕ್ಕಪಕ್ಕ ಇಟ್ಟ ಎರಡು ಬಾಟಲಿಯಲ್ಲಿ ಒಂದು 750, ಇನ್ನೊಂದು 700 ಇದ್ದರೆ ಕಣ್ಣಿಗೆ ಗೊತ್ತಾಗುವುದಿಲ್ಲ, ಕೊಳ್ಳುವವನಿಗೆ ಮೋಸ ಆಗಬಾರದು ಅನ್ನುವುದು ಅವರ ವಾದ. ನಮ್ಮಲ್ಲೂ ಈ ಯೋಚನೆ ಇತ್ತು, ಆದರೆ ಮದ್ಯಕ್ಕಲ್ಲ. ಕಾಫಿಪುಡಿಗೆ! 2011ರ ಪೊಟ್ಟಣ ಸಾಮಾನುಗಳ ತೂಕ ಅಳತೆ ನಿಯಮದಲ್ಲಿ ಕಾಫಿ, ಟೀ, ಬಿಸ್ಕತ್ತು, ಉಪ್ಪು ಎಲ್ಲ ಇಂತಿಂಥ ತೂಕದ ಪೊಟ್ಟಣದಲ್ಲೇ ಬರಬೇಕು ಅಂತ ಒಂದು ಪಟ್ಟಿ ಇತ್ತು. 2022ರಲ್ಲಿ ಅದನ್ನು ತೆಗೆದು, ಗಾತ್ರ ನಿಮ್ಮಿಷ್ಟ, ಬಿಡಿ ತೂಕಕ್ಕೆ ಎಷ್ಟು ಬೆಲೆ ಬೀಳುತ್ತದೆ ಅಂತ ಮಾತ್ರ ಪೊಟ್ಟಣದ ಮೇಲೆ ಹಾಕಿ ಅಂದರು. ನಿಮ್ಮ ತೋಟದ ಕಾಫಿಯನ್ನು ಈಗ 137 ಗ್ರಾಂ ಪೊಟ್ಟಣ ಮಾಡಿ ಮಾರಿದರೂ ಯಾರೂ ಕೇಳುವುದಿಲ್ಲ. ಅದೇ ತೋಟದ ಕಿತ್ತಳೆಯ ವೈನನ್ನು ಹಾಗೆ ಮಾಡಿ, ಆಮೇಲೆ ನೋಡಿ.

ಅಮೆರಿಕದ ಕೇಂದ್ರ ಸರ್ಕಾರವೂ ಈಚೆಗೆ ಕೈ ಸಡಿಲ ಮಾಡುತ್ತಿದೆ. 2020ರ ಕೊನೆಗೆ 200, 250, 355 ಎಂಎಲ್ ಬಂದವು. ಇವು ಮುಖ್ಯವಾಗಿ ಸಣ್ಣ ತಗಡಿನ ಕ್ಯಾನಿನಲ್ಲಿ ಬರುವ ವೈನಿಗಾಗಿ. 2025ರ ಜನವರಿಯಲ್ಲಿ ಇನ್ನೂ ಹತ್ತಕ್ಕೂ ಹೆಚ್ಚು ಗಾತ್ರ ಸೇರಿಸಿದರು. ಆದರೆ ಮೇಲಿನವರು ಒಪ್ಪಿದರೂ ರಾಜ್ಯ ಒಪ್ಪದಿದ್ದರೆ ಅಂಗಡಿಗೆ ಬರುವುದಿಲ್ಲ, ಅಲ್ವಾ? ಫ್ಲೋರಿಡಾದ ಕಥೆ ಅದೇ.

ಇಲ್ಲಿ ನನ್ನದೂ ಒಂದು ತಕರಾರಿದೆ. ಈ ನಿಯಮಗಳೆಲ್ಲ ಬ್ರಾಂದಿ, ವಿಸ್ಕಿಯನ್ನು ಮನಸ್ಸಲ್ಲಿಟ್ಟುಕೊಂಡು ಮಾಡಿದವು. ವೈನು ಬ್ರಾಂದಿ ಅಲ್ಲ. ನಮ್ಮ ಕಡೆ ಬೋರ್ಡಿನ ಮೇಲೆ 'ವೈನ್ಸ್' ಅಂತ ಬರೆದ ಅಂಗಡಿಯಲ್ಲಿ ವೈನ್ ಕೇಳಿದರೆ ಹುಡುಗ ಏಣಿ ಹತ್ತಿ ಧೂಳು ಒರೆಸಿ ಕೊಡುತ್ತಾನೆ. ಅಷ್ಟು ಅಪರೂಪ. ಬ್ರಾಂದಿ ಒಡೆದಿಟ್ಟರೂ ಕೆಡುವುದಿಲ್ಲ. ವೈನು ಗಾಳಿ ತಾಗಿದರೆ ಮೂರ್ನಾಲ್ಕು ದಿನಕ್ಕೆ ಹುಳಿ ತಿರುಗುತ್ತದೆ. ಡಬ್ಬಿಯೊಳಗಿನ ಚೀಲದ ಉಪಯೋಗ ಇಲ್ಲೇ. ನಲ್ಲಿ ತಿರುಗಿಸಿ ಬಗ್ಗಿಸಿಕೊಂಡಷ್ಟೂ ಚೀಲ ಕುಗ್ಗುತ್ತದೆ, ಒಳಗೆ ಗಾಳಿ ಹೋಗುವುದಿಲ್ಲ. ಹಾಗಾಗಿ ಒಡೆದ ಮೇಲೂ ನಾಲ್ಕರಿಂದ ಆರು ವಾರ ಇರುತ್ತದೆ. ಗಾಜಿನ ಭಾರ ಇಲ್ಲ, ಘಾಟಿ ರಸ್ತೆಯಲ್ಲಿ ಒಡೆಯುವ ಭಯ ಇಲ್ಲ. ಚೀಲದ ನಲ್ಲಿಗೆ ಸೀಲ್ ಹಾಕಬಹುದು, ಚೀಲವನ್ನು ಮತ್ತೆ ತುಂಬುವುದು ಬಾಟಲಿ ತುಂಬಿದಷ್ಟು ಸುಲಭವೂ ಅಲ್ಲ. ಕಳ್ಳ ಲೆಕ್ಕದ ಭಯಕ್ಕೆ ಇದಕ್ಕಿಂತ ಒಳ್ಳೆಯ ಪಾತ್ರೆ ನನಗೆ ಕಾಣುವುದಿಲ್ಲ. ಫ್ಲೋರಿಡಾದವರು ಗಾಜನ್ನು ಒಪ್ಪಿ ಇದನ್ನು ಬಿಟ್ಟದ್ದು ತಿರುಗಾಮುರುಗಾ ಆಯಿತು ಅಂತ ನನ್ನ ಅಭಿಪ್ರಾಯ. 2007ರಲ್ಲಿ ನಮ್ಮ ರಾಜ್ಯ ವೈನಿಗೇ ಬೇರೆ ನೀತಿ ತಂದು, ಮಂಡಳಿ ಮಾಡಿ, ದ್ರಾಕ್ಷಿ ಬೆಳೆಗಾರರ ಕಡೆಯಿಂದ ಯೋಚಿಸಿತು. ಅದೇ ಯೋಚನೆ ಪಾತ್ರೆಯವರೆಗೂ ಬರಬೇಕಿತ್ತು.

ಆದರೆ ತಕರಾರು ತಕರಾರೇ, ಕಾನೂನು ಕಾನೂನೇ. ನಿಮ್ಮ ಕ್ಯಾನಿನ ವಿಷಯಕ್ಕೆ ಬರುತ್ತೇನೆ. ಸಿಎಲ್-2, ಅಂದರೆ ಬಾಟಲಿ ಮಾತ್ರ ಮಾರುವ ಚಿಲ್ಲರೆ ಸನ್ನದಿನ ಅಂಗಡಿಯವನು ಸೀಲ್ ಒಡೆಯದೆ, ಇದ್ದ ಹಾಗೇ ಎಂಆರ್‌ಪಿಗೆ ಮಾರಬೇಕು. ಕ್ಯಾನಿಗೆ ಬಗ್ಗಿಸಿ ಕೊಟ್ಟರೆ ಅವನ ಸನ್ನದಿಗೇ ಕುತ್ತು. ಹಾಗಾದರೆ ನಿಮಗೆ 5 ಲೀಟರ್ ಕ್ಯಾನ್ ಎಲ್ಲಿಂದ ಬರುತ್ತದೆ? ಯಾರಾದರೂ ಮನೆಯಲ್ಲಿ ಮಾಡಿದವರ ಹತ್ತಿರದಿಂದ ಮಾತ್ರ. ಗುಡ್ಡದ ದಾರಿಯ ಏಲಕ್ಕಿ, ಮೆಣಸಿನ ಅಂಗಡಿಗಳಲ್ಲಿ 'ಹೋಮ್‌ಮೇಡ್ ವೈನ್' ಅಂತ ಬೋರ್ಡು ಹಾಕಿರುತ್ತಾರಲ್ಲ, ಅದು. ನೆಲ್ಲಿಕಾಯಿ, ಶುಂಠಿ, ನೇರಳೆ, ದ್ರಾಕ್ಷಿ. ಸನ್ನದಿಲ್ಲದೆ ಮದ್ಯ ತಯಾರಿಸಿ ಮಾರುವುದು ಅಬಕಾರಿ ಕಾಯ್ದೆಯಲ್ಲಿ ಅಪರಾಧ. ಹಣ್ಣಿನದು, ಮನೆಯದು ಅನ್ನುವುದಕ್ಕೆ ರಿಯಾಯಿತಿ ಇಲ್ಲ.

ಅದರ ಬಾಟಲಿ ಎಂಥದ್ದು ಅಂತ ನಾನು ಕೈಯಾರೆ ಕಂಡಿದ್ದೇನೆ. ಒಂದು ಸಲ ಹಿಂಗೇ ಒಂದು ಅಂಗಡಿಯಲ್ಲಿ ನೆಲ್ಲಿಕಾಯಿದು ಅಂತ ಎರಡು ಬಾಟಲಿ ತಗೊಂಡೆ. ಯಾವುದೋ ರಮ್ಮಿನ ಹಳೇ ಬಾಟಲಿ, ಲೇಬಲ್ಲಿನ ಗೋಂದು ಇನ್ನೂ ಅಂಟಂಟಾಗಿತ್ತು. ಹುದುಗುವ ಕೆಲಸ ಒಳಗೆ ಇನ್ನೂ ಮುಗಿದಿರಲಿಲ್ಲ. ಡಿಕ್ಕಿಯಲ್ಲಿಟ್ಟು ಬಿಸಿಲಲ್ಲಿ ಕಾರು ನಿಲ್ಲಿಸಿ ಊಟಕ್ಕೆ ಹೋದೆ. ಬರುವಷ್ಟರಲ್ಲಿ ಒಳಗಿನ ಗ್ಯಾಸಿಗೆ ಒಂದರ ಮುಚ್ಚಳ ಹಾರಿ, ಡಿಕ್ಕಿಯ ಮ್ಯಾಟು, ಮನೆಯವರ ಸೀರೆ ಬ್ಯಾಗು, ಎಲ್ಲ ಸಿಹಿ ಅಂಟು. ಕಾರಲ್ಲಿ ಆ ವಾಸನೆ ತಿಂಗಳುಗಟ್ಟಲೆ ಇತ್ತು. ಅಬಕಾರಿ ಲೆಕ್ಕ ಬರೆಯುವವನ ಕಾರಲ್ಲಿ! ಇನ್ನೊಂದು ಬಾಟಲಿಯನ್ನು ಅಲ್ಲೇ ಚರಂಡಿಗೆ ಸುರಿದೆ. ಅದೇ ಗ್ಯಾಸು ನಿಮ್ಮ 5 ಲೀಟರ್ ಪ್ಲಾಸ್ಟಿಕ್ ಕ್ಯಾನಿನಲ್ಲಿ, ಅತಿಥಿಗಳು ಓಡಾಡುವ ಅಡುಗೆಮನೆಯಲ್ಲಿ ಸೇರಿಕೊಂಡರೆ ಏನಾಗುತ್ತದೆ ಯೋಚಿಸಿ.

ಇನ್ನು ಗ್ಲಾಸ್ ಲೆಕ್ಕದಲ್ಲಿ ಕೊಡುವುದು. ಅದಕ್ಕೆ ಬಾರ್‌ನ ಸಿಎಲ್-9, ವಸತಿಗೃಹದ ಸಿಎಲ್-7 ಅಂಥ ಸನ್ನದು ಬೇಕು. ಸಿಎಲ್-7ಕ್ಕೆ ರೂಮುಗಳ ಕನಿಷ್ಠ ಲೆಕ್ಕ ಇದೆ, ನಾಲ್ಕು ರೂಮು ಅದರ ಹತ್ತಿರಕ್ಕೂ ಬರುವುದಿಲ್ಲ. ಊಟದ ಬಿಲ್ಲಿನಲ್ಲಿ 'ವೆಲ್‌ಕಮ್ ಡ್ರಿಂಕ್' ಅಂತ ಸೇರಿಸಿದರೂ ಅದು ಮಾರಾಟವೇ. ತೋಟದಲ್ಲಿ ಮದುವೆ, ನಾಮಕರಣ ಅಂತ ಒಂದು ದಿನದ ಕಾರ್ಯಕ್ರಮ ಇದ್ದರೆ ಸಿಎಲ್-5 ಅಂತ ಸಾಂದರ್ಭಿಕ ಸನ್ನದು ಇದೆ. ದುಡ್ಡು ಕಟ್ಟಿ ತಗೊಳ್ಳಿ. ಅತಿಥಿಗಳು ತಾವೇ ಅಂಗಡಿಯಿಂದ ಸೀಲ್ ಬಾಟಲಿ ತಂದುಕೊಂಡರೆ ಬಿಲ್ ಇಟ್ಟುಕೊಳ್ಳಲು ಹೇಳಿ. ನಿಮ್ಮ ಜಾಗದಲ್ಲಿ ಕುಡಿಯಲು ಬಿಡುವ ಬಗ್ಗೆ ನಿಮ್ಮ ವಲಯದ ಅಬಕಾರಿ ನಿರೀಕ್ಷಕರ ಕಚೇರಿಗೆ ಒಂದು ಅರ್ಜಿ ಬರೆದು, ಉತ್ತರವನ್ನು ಬರಹದಲ್ಲೇ ತಗೊಂಡು ಫೈಲಿನಲ್ಲಿಡಿ. ಬಾಯಿಮಾತಿನ "ಏನಾಗಲ್ಲ ಬಿಡಿ" ಅನ್ನುವುದನ್ನು ನಂಬಬೇಡಿ. ಹಾಗೆ ಅಂದವರಿಗೆ ವರ್ಗವಾಗುತ್ತದೆ, ನಿಮ್ಮ ಹೋಂಸ್ಟೇಗೆ ಆಗುವುದಿಲ್ಲ.

ಅತಿಥಿಗಳು ಒಂದೇ ಗ್ಲಾಸ್ ಸಾಕು ಅನ್ನುವವರಾದರೆ ಅಂಗಡಿಯಲ್ಲಿ 375 ಅಥವಾ ಕ್ಯಾನ್ ವೈನ್ ಕೇಳಲು ಹೇಳಿ. ಎಂಎಲ್ ಲೆಕ್ಕದಲ್ಲಿ ಸ್ವಲ್ಪ ದುಬಾರಿ ಬೀಳಬಹುದು, ಆದರೆ ಅರ್ಧ ಬಾಟಲಿ ಚೆಲ್ಲುವುದಕ್ಕಿಂತ ಅಗ್ಗ.

ಖಾಲಿ ಬಾಟಲಿ ಸಾಗಿಸುವ ತಾಪತ್ರಯ ಅಂದಿರಿ. ಗುಜರಿಯವರು ತೋಟದ ಗೇಟಿಗೇ ಬರುತ್ತಾರೆ, ಕೊಡಿ. ಕೊಡುವ ಮುಂಚೆ ಬಕೆಟ್ ನೀರಲ್ಲಿ ಒಂದು ರಾತ್ರಿ ನೆನೆಸಿ ಲೇಬಲ್ ಕೆರೆದುಬಿಡಿ, ಮುಚ್ಚಳವನ್ನು ಬೇರೆ ಚೀಲಕ್ಕೆ ಹಾಕಿ. ಒಳ್ಳೆಯ ಲೇಬಲ್ಲೂ ಮುಚ್ಚಳವೂ ಒಟ್ಟಿಗೇ ಇರುವ ಖಾಲಿ ಬಾಟಲಿಗೆ ಯಾರಾದರೂ ಎರಡು ರೂಪಾಯಿ ಜಾಸ್ತಿ ಕೊಡುತ್ತೇನೆ ಅಂದರೆ ಅದಕ್ಕೆ ಮತ್ತೆ ಏನು ತುಂಬುತ್ತಾರೆ ಅಂತ ನೀವೇ ಊಹಿಸಿ.